ಸ್ಪೀಕರ್ ಪೆಟ್ಟಿಗೆಗೆ ಹೊಸ ಮರದ ಹೊದಿಕೆ: ಹಿಂಜರಿಕೆ ಏಕೆ?

ಎಪ್ಪತ್ತು–ಎಂಬತ್ತರ ದಶಕದ ಸ್ಪೀಕರ್ ಜೋಡಿಯೊಂದು ಹಳೆ ಸಾಮಾನಿನ ಅಂಗಡಿಗೆ ಬಂದರೆ ಅದರ ಬೆಲೆ ಕಟ್ಟುವುದು ಕಿವಿಯಲ್ಲ, ಕಣ್ಣು. ಅಂಚಿನಲ್ಲಿ ವೆನೀರ್ ಎಂಬ ತೆಳು ಮರದ ಹಾಳೆ ಎದ್ದಿದೆ, ತಲೆಯ ಮೇಲೆ ಹೂಕುಂಡದ ನೀರಿನ ಉಂಗುರ ಬಿದ್ದಿದೆ, ಕಿಟಕಿಯ ಕಡೆಗಿದ್ದ ಪಕ್ಕ ಬಿಸಿಲಿಗೆ ಬಿಳಿಚಿದೆ ಎಂದಾದರೆ ಒಳಗಿನ ಕೋನು, ಕಾಯಿಲು, ಆಯಸ್ಕಾಂತ ಎಷ್ಟೇ ಗಟ್ಟಿಮುಟ್ಟಾಗಿರಲಿ, ಅದು ಗುಜರಿಯ ತಕ್ಕಡಿ ಏರುತ್ತದೆ. ಉಳಿಸಿಕೊಳ್ಳುವವರಲ್ಲೂ ಎರಡು ಬಣಗಳಿವೆ. ಒಂದು ಬಣ ಕಪ್ಪು ಬಣ್ಣ ಬಳಿದೋ ಸನ್‌ಮೈಕಾ ಅಂಟಿಸಿಯೋ ಕೈತೊಳೆದುಕೊಳ್ಳುತ್ತದೆ. ಇನ್ನೊಂದು ಬಣಕ್ಕೆ ಹಳೆಯದೆಂದರೆ ಮಡಿ. ಸಿಪ್ಪೆ ಸುಲಿಯುತ್ತಿದ್ದರೂ ಕಾರ್ಖಾನೆ ಅಂಟಿಸಿದ್ದನ್ನು ಮುಟ್ಟಕೂಡದು. ಎರಡೂ ಬಣಗಳು ತಪ್ಪು ಹಾದಿಯಲ್ಲಿವೆ ಎಂಬುದು ನನ್ನ ವಾದ. ಸಾಮಾನ್ಯ ಹಳೆಯ ಸ್ಪೀಕರಿನ ಹಾಳಾದ ವೆನೀರನ್ನು ತೆಗೆದು ಹೊಸ ಮರದ ಹಾಳೆ ಹೊದಿಸುವುದು ಆ ವಸ್ತುವಿಗೆ ಬಗೆವ ದ್ರೋಹವಲ್ಲ. ಅದನ್ನು ಕಟ್ಟಿದವರ ಲೆಕ್ಕಾಚಾರದಲ್ಲೇ ಅದಕ್ಕೆ ಜಾಗವಿತ್ತು.

ಮರದ ಪೆಟ್ಟಿಗೆ ಎಂದು ನಾವು ಕರೆಯುವುದರಲ್ಲಿ ಅಖಂಡ ಮರ ಇರುವುದು ತೀರಾ ಅಪರೂಪ. ಮರ ಗಾಳಿಯ ತೇವ ಕುಡಿದು ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಆಡುತ್ತ ಆಡುತ್ತ ಮೂಲೆಯ ಬೆಸುಗೆ ಬಿಡುತ್ತದೆ. ಸ್ಪೀಕರಿನಲ್ಲಿ ಇದು ಬರೀ ಅಂದಗೇಡಲ್ಲ. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಶುರುಮಾಡಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಸ್ಪೀಕರುಗಳಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗು. ಗಾಳಿ ಸೋರಿದರೆ ಮಂದ್ರಸ್ವರ ಸೊರಗುತ್ತದೆ. ಆದ್ದರಿಂದಲೇ ತಯಾರಕರು ಮಿಸುಕಾಡದ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳಿಂದ ಪೆಟ್ಟಿಗೆ ಕಟ್ಟಿ, ಅರ್ಧ ಮಿಲಿಮೀಟರ್ ಆಸುಪಾಸಿನ ಮರದ ಹಾಳೆಯನ್ನು ಹೊರಗೆ ಹೊದಿಸಿದರು. ನುಡಿಸುವುದು ಪೆಟ್ಟಿಗೆ, ಕೂಡುಕೋಣೆಗೆ ಒಪ್ಪುವುದು ಹೊದಿಕೆ ಎಂದು ಕೆಲಸ ಹಂಚಿದವರು ಅವರೇ. ಅಕೌಸ್ಟಿಕ್ ರಿಸರ್ಚ್ ಅಂತೂ ಪಾಲಿಶ್ ಕಾಣದ ಬರೀ ಮೈಯ ಪೆಟ್ಟಿಗೆಗಳನ್ನೂ ಕಡಿಮೆ ಬೆಲೆಗೆ ಮಾರುತ್ತಿತ್ತು. ಕೊಂಡವರು ತಮಗೆ ಬೇಕಾದಂತೆ ಮುಗಿಸಿಕೊಳ್ಳಲಿ ಎಂಬ ಧಾರಾಳ. ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿಗೆಂದು ಎಪ್ಪತ್ತರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಸ್ಪೀಕರ್ ಇನ್ನೂ ಒಳ್ಳೆಯ ಸಾಕ್ಷಿ. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪನಿಗಳು ಪರವಾನಗಿ ಪಡೆದು ಅದನ್ನು ತಯಾರಿಸಿದವು. ಪ್ಲೈವುಡ್ಡಿನ ಜಾತಿ, ದಪ್ಪ, ದನಿ ಹೊರಡಿಸುವ ಡ್ರೈವರುಗಳ ಹೊಂದಾಣಿಕೆಯ ವಿಷಯದಲ್ಲಿ ಬಿಬಿಸಿಯದು ಉಡದ ಪಟ್ಟು. ಹೊದಿಕೆ ಮಾತ್ರ ತೇಗ, ವಾಲ್ನಟ್, ರೋಸ್‌ವುಡ್ ಎಂದು ಬದಲಾಗುತ್ತಲೇ ಇತ್ತು. ಮೂಲ ಕರ್ತೃಗಳೇ ಇಷ್ಟು ಸಡಿಲ ಬಿಟ್ಟದ್ದನ್ನು ಐವತ್ತು ವರ್ಷಗಳ ಮೇಲೆ ನಾವು ಯಾಕೆ ಕಟ್ಟುಪಾಡು ಮಾಡಬೇಕು?

ಹೊದಿಕೆ ಬದಲಿಸಿದರೆ ದನಿ ಬದಲಾಗದೇ ಎಂಬುದು ಮೊದಲ ಆಕ್ಷೇಪ. ಪೆಟ್ಟಿಗೆಯ ಹಲಗೆ ಅದುರುವುದು ನಿಜ, ಆ ಅದುರು ಕಿವಿಗೆ ಬೀಳುವುದೂ ನಿಜ. ಇದನ್ನು ಬಿಬಿಸಿಯಲ್ಲಿ ವರ್ಷಗಟ್ಟಲೆ ಅಳೆದವರು ಮುಂದೆ 1977ರಲ್ಲಿ ಹಾರ್ಬೆತ್ ಸ್ಥಾಪಿಸಿದ ಡಡ್ಲಿ ಹಾರ್ವುಡ್. ದಪ್ಪ ಹಲಗೆ ಹಾಕುವುದಕ್ಕಿಂತ ತೆಳು ಹಲಗೆಯ ಒಳಮೈಗೆ ಭಾರವಾದ ಡಾಂಬರು ಜಾತಿಯ ಪದರ ಅಂಟಿಸಿ ಅದುರನ್ನು ಸಾಯಿಸುವುದು ಮೇಲು ಎಂಬ ತೀರ್ಮಾನಕ್ಕೆ ಆ ಕೆಲಸ ದಾರಿ ಮಾಡಿತು. ಎಲ್‌ಎಸ್3/5ಎ ಕಟ್ಟಿದ್ದು ಹಾಗೆಯೇ. ಅಂದರೆ ದನಿಯ ಹಿಡಿತ ಇರುವುದು ಒಳಗೆ. ಹೊರಗೆ ಅರ್ಧ ಮಿಲಿಮೀಟರ್ ಹಾಳೆ ತೆಗೆದು ಅಷ್ಟೇ ದಪ್ಪದ್ದನ್ನು ಹಾಕಿದರೆ ಹಲಗೆಯ ಲೆಕ್ಕದಲ್ಲಿ ಏನೂ ಏರುಪೇರಾಗದು. ಹಳೆಯದರ ಮೇಲೆಯೇ ಹೊದಿಸಿದರೂ 18 ಮಿಲಿಮೀಟರ್ ಹಲಗೆಯ ದಪ್ಪ ಹೆಚ್ಚುವುದು ಶೇ 3ಕ್ಕಿಂತ ಕಡಿಮೆ; ಅದರ ಅನುರಣನದ ಸ್ಥಾನ ಜಾರುವುದೂ ಹೆಚ್ಚುಕಡಿಮೆ ಅಷ್ಟೇ. ಕಿವಿ ಹಿಡಿಯುವ ಅಂತರವಲ್ಲ ಇದು. ಆದರೆ ಒಂದು ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ವೆನೀರ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ತೆಳು ಪ್ಲೈವುಡ್ಡಿನ ಬೆನ್ನಿಗೆ ಅಂಟಿಸಿದ, ಮೂರು–ನಾಲ್ಕು ಮಿಲಿಮೀಟರ್ ದಪ್ಪದ ಹಲಗೆ. ಬಾಗಿಲಿಗೆ, ಕಪಾಟಿಗೆ ಅದು ಸರಿ. ಸ್ಪೀಕರಿಗೆ ಹಾಕಿದರೆ ಡ್ರೈವರು ಗುಳಿಯಲ್ಲಿ ಕೂರುತ್ತದೆ, ಜಾಲರಿಯ ಚೌಕಟ್ಟು ಒಪ್ಪುವುದಿಲ್ಲ, ತಾರಸ್ವರ ನುಡಿಸುವ ಟ್ವೀಟರಿನ ಪಕ್ಕದಲ್ಲಿ ಹೊಸ ಮೆಟ್ಟಿಲೊಂದು ಹುಟ್ಟಿ ಆ ಸ್ವರ ಅಲ್ಲಿ ತಾಗಿ ಚದುರುತ್ತದೆ. ಬೆನ್ನಿಲ್ಲದ ಬರೀ ಹಾಳೆಯನ್ನೇ ಕೇಳಿ ತರಬೇಕು. ಟ್ವೀಟರಿನ ಸುತ್ತ ಫೆಲ್ಟ್ ಪಟ್ಟಿ ಇದ್ದರೆ ಅದನ್ನು ಅಲಂಕಾರವೆಂದು ಕಿತ್ತೆಸೆಯಬಾರದು. ಡ್ರೈವರುಗಳನ್ನು ಬಿಚ್ಚಿ ಬೇರೆ ಕೋಣೆಯಲ್ಲಿಡದೆ ಉಕ್ಕಿನ ನಾರಿನಿಂದ ಉಜ್ಜಲೂಬಾರದು. ಆ ಚೂರುಗಳನ್ನು ಆಯಸ್ಕಾಂತ ಕಾಯಿಲಿನ ಸಂದಿಗೆ ಎಳೆದುಕೊಂಡರೆ ಸ್ಪೀಕರ್ ಗೊರಗೊರ ಎನ್ನತೊಡಗುತ್ತದೆ. ಮರಗೆಲಸದವರಿಂದ ಸ್ಪೀಕರ್ ಕೆಟ್ಟಿತು ಎಂಬ ದೂರಿನ ಹಿಂದೆ ಇಂಥದ್ದೇ ಕಾರಣ ಇರಬಹುದು, ವೆನೀರ್ ಅಲ್ಲ.

ಸಂಗ್ರಾಹಕರ ಆಕ್ಷೇಪ ಇದಕ್ಕಿಂತ ತೂಕದ್ದು. ಕಾರ್ಖಾನೆಯ ಮೈ ಹೋದರೆ ಇತಿಹಾಸ ಹೋಯಿತು, ಮಾರುವ ಬೆಲೆಯೂ ಹೋಯಿತು ಎನ್ನುತ್ತಾರೆ. ಕೆಲವು ವಸ್ತುಗಳ ಮಟ್ಟಿಗೆ ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕ್ರಮಸಂಖ್ಯೆ ಹೊಂದುವ ಎಲ್‌ಎಸ್3/5ಎ ಜೋಡಿಯನ್ನೋ, ಬ್ಯಾಂಗ್ ಅಂಡ್ ಒಲುಫ್ಸೆನ್ ಕಂಪನಿಯ ರೋಸ್‌ವುಡ್ ಮೈಯ ಹಳೆಯ ಸ್ಪೀಕರನ್ನೋ ಸುಲಿಯಲು ಹೊರಡುವುದು ಅವಿವೇಕ. ಬ್ರೆಜಿಲ್‌ನ ರೋಸ್‌ವುಡ್ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲ 2017ರ ಜನವರಿಯಿಂದ ನಿಯಂತ್ರಣಕ್ಕೆ ಒಳಪಟ್ಟಿವೆ. ಅಂಥ ಹಾಳೆ ಎದ್ದಿದ್ದರೆ ಅಡಿಗೆ ಅಂಟು ತೂರಿಸಿ ಒತ್ತಿ ಕೂರಿಸಬೇಕು, ಕಿತ್ತುಹೋದಲ್ಲಿ ತೇಪೆ ಹಾಕಬೇಕು. ಆದರೆ ಈ ನಿಯಮವನ್ನು ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಪೆಟ್ಟಿಗೆಗೂ ಅನ್ವಯಿಸುವುದು ಶಿಲಾಶಾಸನದ ನಿಯಮವನ್ನು ಹಿತ್ತಿಲ ಒಗೆಯುವ ಕಲ್ಲಿಗೆ ಹಚ್ಚಿದಂತೆ. ಎಷ್ಟೋ ಪೆಟ್ಟಿಗೆಗಳ ಮೈ ಮರದ್ದೇ ಅಲ್ಲ, ಮರದ ಚಿತ್ರ ಅಚ್ಚುಹಾಕಿದ ವಿನೈಲ್. ಬೋರ್ಡಿಗೆ ವಿನೈಲ್ ಮೊದಲೇ ಅಂಟಿಸಿ, ಹಿಂಬದಿಯಲ್ಲಿ ತ್ರಿಕೋನದ ತೋಡು ಕೊರೆದು, ರಟ್ಟಿನ ಪೆಟ್ಟಿಗೆಯ ಹಾಗೆ ಮಡಚಿ ನಿಲ್ಲಿಸಿದ್ದು. ಆ ವಿನೈಲಿನಲ್ಲಿ ಕಾಪಾಡಬೇಕಾದ ಚರಿತ್ರೆ ಏನಿದೆಯೋ ನನಗಂತೂ ಕಾಣದು. ಬೆನ್ನಿನ ಮೇಲಿನ ಚೀಟಿ, ಕ್ರಮಸಂಖ್ಯೆಗಳನ್ನು ಮಾತ್ರ ಹಾಗೇ ಬಿಡಬೇಕು.

ಅಗ್ಗಕ್ಕೆ ಸನ್‌ಮೈಕಾ ಇರುವಾಗ ಈ ಗೋಳೆಲ್ಲ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅಂಚಿನಲ್ಲಿದೆ. ಅದರ ಕಪ್ಪು ಗೆರೆ ಪ್ರತಿ ಮೂಲೆಯಲ್ಲೂ ಎದ್ದು ಕಾಣುತ್ತದೆ, ತುದಿ ಒಡೆದರೆ ತೀಡಿ ಸರಿಮಾಡಲಾಗದು. ಮರದ ಹಾಳೆಯ ಸಣ್ಣ ಗಾಯವನ್ನು ಮೆಲ್ಲನೆ ತೀಡಬಹುದು, ಮತ್ತೆ ಪಾಲಿಶ್ ಹಾಕಬಹುದು. ಅರಗಿನ ಪಾಲಿಶ್ ಆದರೆ ಸ್ಪಿರಿಟ್ಟಿನಿಂದ ಕರಗಿಸಿ ಹೊಸದಾಗಿ ಹಚ್ಚಬಹುದು. ಬಾಳಿಕೆಯ ಪ್ರಶ್ನೆ ನಿಜವಾಗಿ ಅಂಟಿನ ಪ್ರಶ್ನೆ, ಅದರಲ್ಲೂ ನಮ್ಮ ಹವೆಯದು. ಮಂಗಳೂರಿನ ಜುಲೈಯಲ್ಲಿ ಉಬ್ಬಿದ ಮರ ಕಲಬುರಗಿಯ ಏಪ್ರಿಲ್‌ನಲ್ಲಿ ಬಿಗಿಯುತ್ತದೆ. ಮೈಕಾ ಅಂಟಿಸುವ ರಬ್ಬರು ಗುಣದ ಅಂಟು ಒಣಗಿದ ಮೇಲೂ ಮೆತ್ತಗೇ ಇರುತ್ತದೆ. ತೆಳು ಹಾಳೆ ಅದರ ಮೇಲೆ ಸರಿದಾಡುತ್ತದೆ, ಪಾಲಿಶಿನ ದ್ರಾವಕ ಹಾಳೆಯ ರಂಧ್ರಗಳಿಂದ ಇಳಿದು ಅಂಟನ್ನು ಸಡಿಲಿಸಿ ಗುಳ್ಳೆ ಏಳಿಸುತ್ತದೆ. ಬಿಳಿ ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಅದನ್ನು ಹಸಿಯಾಗಿ ಅಂಟಿಸಿದರೆ ಹಾಳೆ ನೀರು ಕುಡಿದು ಹಿಗ್ಗಿ, ಆಮೇಲೆ ಕುಗ್ಗಿ, ಸಂದಿ ಬಾಯಿಬಿಡುತ್ತದೆ. ಅದಕ್ಕೇ ಎರಡೂ ಮೈಗೆ ಬಳಿದು ಒಣಗಲು ಬಿಟ್ಟು, ಬಳಿಕ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತ ಹೋಗುವ ಪದ್ಧತಿ ಬಂತು. ಒಣಗಿದ ಬಿಳಿ ಅಂಟು ಬಿಸಿಗೆ ಮತ್ತೆ ಮೆದುವಾಗುತ್ತದೆ ಎಂಬ ಗುಣವನ್ನೇ ಇದು ಬಳಸಿಕೊಳ್ಳುತ್ತದೆ. ಮುಂದೆ ಎಲ್ಲಾದರೂ ಎದ್ದರೆ ಮತ್ತೊಮ್ಮೆ ಇಸ್ತ್ರಿ ಇಟ್ಟು ಕೂರಿಸುವ ಅನುಕೂಲವೂ ಉಳಿಯುತ್ತದೆ.

ಹೊಸ ಹೊದಿಕೆಗಾಗಿ ಮರ ಕಡಿಯಬೇಕಲ್ಲ ಎನ್ನುವವರು ಲೆಕ್ಕ ಹಾಕಿ ನೋಡಲಿ. ಎರಡಡಿ ಎತ್ತರದ ಒಂದು ಜೋಡಿಗೆ ಸುಮಾರು ಒಂದೂವರೆ ಚದರ ಮೀಟರ್ ಹಾಳೆ ಬೇಕು. ಅರ್ಧ ಮಿಲಿಮೀಟರ್ ದಪ್ಪದಲ್ಲಿ ಅದರೊಳಗಿನ ಮರ ಮುಕ್ಕಾಲು ಲೀಟರ್ ಪಾತ್ರೆ ತುಂಬುವಷ್ಟು ಮಾತ್ರ. ಅಷ್ಟೇ ಮರ ಕತ್ತರಿಸುವಾಗ ಹಾಳಾಯಿತೆಂದರೂ ಒಂದೂವರೆ ಲೀಟರ್. ಆ ಜೋಡಿಯನ್ನು ಎಸೆದು ಕೊಳ್ಳುವ ಹೊಸ ಪೆಟ್ಟಿಗೆಗಳ ಬೋರ್ಡು, ತಾಮ್ರ, ಆಯಸ್ಕಾಂತಗಳ ಮುಂದೆ ಇದು ಏನೂ ಅಲ್ಲ. ಬೀಟೆಯೇ ಬೇಕೆಂಬ ಹಟವೂ ಬೇಡ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಸಿಲ್ವರ್ ಓಕ್ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತಲೇ ಇದೆ. ಅದನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದರೆ ಕಾಣುವ ಮಿರುಗುವ ಚುಕ್ಕೆಗಳ ಕಸೂತಿಯನ್ನು ನಾವು ಪ್ಲೈವುಡ್ಡಿನ ಹೊಟ್ಟೆಯಲ್ಲಿ ಅಡಗಿಸಿಡುತ್ತಿರುವುದು ರಸಿಕತನದ ಕೊರತೆಯೇ ಸರಿ.

ಎಲ್ಲ ಪೆಟ್ಟಿಗೆಗಳೂ ಈ ಶ್ರಮಕ್ಕೆ ಯೋಗ್ಯವಲ್ಲ. ನೆಲ ತೊಳೆದ ನೀರು ಹೀರಿ ಬುಡದಲ್ಲಿ ಅವಲಕ್ಕಿಯಂತಾದ ಪಾರ್ಟಿಕಲ್ ಬೋರ್ಡಿನ ಮೇಲೆ ಯಾವ ಹಾಳೆಯೂ ನಿಲ್ಲದು. ಆ ಭಾಗವನ್ನು ಕತ್ತರಿಸಿ ಹೊಸ ತುಂಡು ಕೂಡಿಸಲಾಗದಿದ್ದರೆ ಡ್ರೈವರುಗಳನ್ನು ತೆಗೆದಿಟ್ಟುಕೊಂಡು ಪೆಟ್ಟಿಗೆಯನ್ನು ಬಿಡುವುದೇ ಸರಿ. ಕೋನಿನ ಸುತ್ತಲಿನ ಫೋಮ್ ಅಂಚು ಪುಡಿಯಾಗಿದ್ದರೆ, ಸ್ವರಗಳನ್ನು ಡ್ರೈವರುಗಳಿಗೆ ಹಂಚುವ ಕ್ರಾಸ್‌ಓವರಿನ ಕೆಪಾಸಿಟರ್ ಒಣಗಿದ್ದರೆ ಮೊದಲ ಖರ್ಚು ಅವಕ್ಕೆ. ಮೈಯ ಸರದಿ ಆಮೇಲೆ. ಆ ಸರದಿ ಬಂದಾಗ ಎದುರಾಗುವ ತೊಡಕು ಹಣದ್ದಕ್ಕಿಂತ ಹೆಚ್ಚಾಗಿ ಕೈಯದು. ಇಂಟೀರಿಯರ್ ಕೆಲಸದ ಬಡಗಿಗೆ ಅಂಟಿಸಿ ಬಂದ ಹಲಗೆ ಕೊಯ್ದು ಜೋಡಿಸುವ ರೂಢಿ. ಬರಿ ಹಾಳೆ ಅವನಿಗೆ ಅಪರಿಚಿತ. ಆದರೆ ಬೀಟೆ ಹಲಗೆಯಲ್ಲಿ ಬಣ್ಣಬಣ್ಣದ ಮರದ ತುಣುಕು ಕೂರಿಸುವ ಮೈಸೂರಿನ ಇನ್‌ಲೇ ಕುಶಲಿಗಳು ತೆಳು ಮರದ ನಾರು, ಅಂಟು, ಪಾಲಿಶ್‌ಗಳ ನಡುವೆಯೇ ಬೆಳೆದವರು. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಹಾಳೆಗಳನ್ನು ಆರಿಸಿ, ಎಡದ ಪೆಟ್ಟಿಗೆಯ ನಾರು ಬಲದ್ದರ ಕನ್ನಡಿ ಬಿಂಬವಾಗುವಂತೆ ಹೊಂದಿಸುವ ಕೆಲಸವನ್ನು ಅಂಥ ಕೈಗಳಿಗೆ ಒಪ್ಪಿಸಿ, ಅದಕ್ಕೆ ತಕ್ಕ ಕೂಲಿ ಕೊಡಲು ಸ್ಪೀಕರ್ ಇಟ್ಟುಕೊಂಡವರು ಸಿದ್ಧರಾಗಬೇಕು.