ಸ್ಟೇರಿಂಗ್ ಹಿಡಿದವರೆಲ್ಲ ಕಂಟ್ರಾಕ್ಟರ್ ಅಲ್ಲ

ಚಿಕ್ಕಬಾಣಾವರದಿಂದ ತುಮಕೂರು ರಸ್ತೆಗೆ ಬಂದರೆ ಪೀಣ್ಯದ ಕಾರ್ಖಾನೆಗಳು, ಆಚೆ ನೆಲಮಂಗಲದ ಗೋದಾಮುಗಳು, ಈಚೆ ಯಶವಂತಪುರದ ಎಪಿಎಂಸಿ ಯಾರ್ಡ್. ಈ ಮೂರಕ್ಕೂ ಲೋಡ್ ಎಳೆಯುವ ಡ್ರೈವರ್‌ಗಳು ನಮ್ಮ ಸುತ್ತಮುತ್ತಲೇ ಬಾಡಿಗೆ ಮನೆಗಳಲ್ಲಿದ್ದಾರೆ. 2025-26ನೇ ಸಾಲಿನವರೆಗೆ ಅವರಲ್ಲಿ ಕೆಲವರಿಗೆ ಮಾಲೀಕರು ಕೊಟ್ಟಿದ್ದು ಸಂಬಳದಾರರ ಫಾರಂ 16 ಅಲ್ಲ, ಫಾರಂ 16ಎ. ಬಾಲಕ್ಕೆ ಒಂದು ಅಕ್ಷರ ಸೇರಿದ್ದೇ ತಡ, ಕಾಗದದ ಮೇಲೆ ಡ್ರೈವರ್ ಗುತ್ತಿಗೆದಾರನಾಗಿಬಿಟ್ಟ.

ಸ್ವಂತ ಗಾಡಿ ಇದ್ದವನ ಲೆಕ್ಕ ಬೇರೆ. ಆದಾಯ ತೆರಿಗೆ ಕಾಯ್ದೆ ಹತ್ತಕ್ಕಿಂತ ಹೆಚ್ಚು ಗೂಡ್ಸ್ ಗಾಡಿ ಇಲ್ಲದವರಿಗೆ ಸರಳ ದಾರಿ ಮಾಡಿಕೊಟ್ಟಿದೆ. ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. ಒಟ್ಟು ತೂಕ 12 ಟನ್ ದಾಟಿದ ಲಾರಿಗೆ ಟನ್ನಿಗೆ 1,000. 28 ಟನ್ನಿನ ಲಾರಿ ಒಂದಿದ್ದರೆ ವರ್ಷಕ್ಕೆ 3,36,000. ಸಾಲದ ಕಂತು ಮುಗಿಯದಿದ್ದರೂ ಗಾಡಿ ತೆಗೆದುಕೊಂಡವನನ್ನೇ ಮಾಲೀಕನೆಂದು ಪರಿಗಣಿಸುತ್ತಾರೆ. (ಗಾಡಿ ಗ್ಯಾರೇಜಿನಲ್ಲಿ ನಿಂತ ತಿಂಗಳಿಗೂ ಇದೇ ಲೆಕ್ಕ. ಅದು ಅನ್ಯಾಯವೇ, ಇನ್ನೊಮ್ಮೆ ಬರೆಯೋಣ.) ಇಂಥವರು ಪ್ಯಾನ್ ನಂಬರಿನ ಜೊತೆ ಘೋಷಣಾ ಪತ್ರ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವ ಹಾಗಿಲ್ಲ.

ನಮ್ಮ ತಕರಾರು ಗಾಡಿಯೇ ಇಲ್ಲದವನ ವಿಷಯದಲ್ಲಿ. ಲಾರಿ ಓನರಿನದು, ಡೀಸೆಲ್ ಓನರಿನದು, ಎಲ್ಲಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೇಳುವವರೂ ಅವರೇ. ಆದರೂ ಸಂಬಳವನ್ನು ‘ಗುತ್ತಿಗೆ ಪಾವತಿ’ ಎಂದು ಬರೆದು 2025-26ನೇ ಸಾಲಿನವರೆಗೆ 194ಸಿ ಅಡಿ ಶೇ. 1 ಹಿಡಿದರು. ತಿಂಗಳಿಗೆ 25,000ದಂತೆ ವರ್ಷಕ್ಕೆ 3 ಲಕ್ಷ ದುಡಿದವನಿಂದ 3,000 ಹೋಯಿತು. 2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಟರ್ನ್ ಹಾಕಿದರೆ ಆ ದುಡ್ಡು ವಾಪಸ್ ಬರುತ್ತದೆ, ಆದರೆ ಹಾಕಬೇಕೆಂದು ಅವನಿಗೆ ಹೇಳುವವರಾರು? ಪ್ಯಾನ್‌ಗೆ ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರಂತೂ ಹಿಡಿತ ಶೇ. 20, ಅಂದರೆ 60,000 ರೂಪಾಯಿ. ಪ್ಯಾನ್ ಸರಿಯಾಗುವವರೆಗೆ ರೀಫಂಡೂ ಇಲ್ಲ.

ತೆರಿಗೆಗಿಂತ ದೊಡ್ಡ ಪೆಟ್ಟು ಬೇರೆ ಇದೆ. ಗುತ್ತಿಗೆದಾರನೆಂದು ಬರೆದಮೇಲೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆ ಇಲ್ಲ. ಶಿರಾ ಹತ್ತಿರ ಅಪಘಾತವಾಗಿ ಕಾಲು ಮುರಿದರೆ ‘ಅವನು ನಮ್ಮ ನೌಕರನಲ್ಲ’ ಎಂದು ಕೈ ತೊಳೆದುಕೊಳ್ಳಬಹುದು. ಕೆಲಸ ಹೇಗೆ ಮಾಡಬೇಕೆಂಬುದರ ಹಿಡಿತ ಯಾರ ಕೈಯಲ್ಲಿದೆ ಎಂದು ನೋಡಬೇಕೆಂದು ಸುಪ್ರೀಂ ಕೋರ್ಟ್ ಧ್ರಾಂಗಧ್ರಾ ಉಪ್ಪಿನ ಕಾರ್ಮಿಕರ ಪ್ರಕರಣದಲ್ಲಿ ಹೇಳಿ ದಶಕಗಳೇ ಆದವು. ಆ ಅಳತೆಗೋಲು ಹಿಡಿದರೆ ಈ ಡ್ರೈವರ್ ನೌಕರನೇ.

ಡ್ರೈವರ್‌ಗಳಿಗೂ ಇದೇ ಇಷ್ಟ, ಪಿಎಫ್ ಕಟ್ ಆಗದೆ ಪೂರ್ತಿ ದುಡ್ಡು ಕೈಗೆ ಬರುತ್ತದೆ ಎಂಬ ಮಾತಿದೆ. ಇರಬಹುದು. ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನಮ್ಮಂಥ ಸ್ಟ್ರಿಂಜರ್‌ಗಳಿಗೂ ತಿಂಗಳ ಕೊನೆಯಲ್ಲಿ ಹಾಗೇ ಅನ್ನಿಸುತ್ತದೆ. ಆದರೆ ಇಷ್ಟ ಕೇಳುವುದಕ್ಕೆ ಮೊದಲು ಆಯ್ಕೆ ಕೊಟ್ಟಿರಬೇಕಲ್ಲ?

2025ರ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಮೂಲಕ ಸರಕು ಸಾಗಿಸುವವರನ್ನು ಒಳಗೆ ತಂದಿದೆ; ಕಂಪನಿಗಳು ಅವರ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಫೋನ್ ಬಂದಾಗ ಹೊರಡುವ ಡ್ರೈವರ್ ಅದರೊಳಗಿಲ್ಲ.

ಸರ್ಕಾರಕ್ಕೆ ಇವರನ್ನು ಹುಡುಕುವುದು ಕಷ್ಟವೇನಲ್ಲ. ಯಾರಿಗೆ 194ಸಿ ಅಡಿ ಪಾವತಿಯಾಗಿದೆ ಎಂಬುದು ಆದಾಯ ತೆರಿಗೆ ಇಲಾಖೆಯ ಬಳಿ ಇದೆ, ಯಾರ ಹೆಸರಲ್ಲಿ ಗಾಡಿ ಇದೆ ಎಂಬುದು ಸಾರಿಗೆ ಇಲಾಖೆಯ ‘ವಾಹನ್’ ದತ್ತಾಂಶದಲ್ಲಿದೆ. ಸಾಗಣೆಗೆಂದು ದುಡ್ಡು ಪಡೆದವನ ಹೆಸರಲ್ಲಿ ಒಂದೂ ಆರ್‌ಸಿ ಇಲ್ಲವೆಂದರೆ, ದುಡ್ಡು ಕೊಟ್ಟವರ ಆಫೀಸಿಗೆ ಕಾರ್ಮಿಕ ನಿರೀಕ್ಷಕರು ಒಮ್ಮೆ ಹೋಗಿ ಬರಲಿ. ಅಲ್ಲಿಯವರೆಗೆ ಡ್ರೈವರ್‌ಗಳು ತಮ್ಮ 2025-26ನೇ ಸಾಲಿನ 26ಎಎಸ್ ತೆಗೆಸಿ ನೋಡಲಿ: ತಮ್ಮ ಹೆಸರಲ್ಲಿ ಎಷ್ಟು ಹಿಡಿದಿದ್ದಾರೆ, ಯಾವ ಕಲಂ ಅಡಿ ಹಿಡಿದಿದ್ದಾರೆ ಎಂಬುದು ಅದರಲ್ಲಿರುತ್ತದೆ.