ಹಲ್ಲಿಯ ಅಂಗಾಲು

ಕಳೆದ ಶ್ರಾವಣದ ಒಂದು ಸಂಜೆ ನಿಂಬರ್ಗಾದ ನಮ್ಮ ಮನೆಯಲ್ಲಿ ಸೊಸೆಯ ಭುಜದ ಮೇಲೆ ಹಲ್ಲಿ ಬಿದ್ದಿತು. ಮರುದಿನ ಅವಳು ತವರಿಗೆ ಹೊರಡುವವಳಿದ್ದಳು. ನಾನು ಪಂಚಾಂಗದಲ್ಲಿ ಪಲ್ಲೀಪತನದ ಪುಟವನ್ನು ಹುಡುಕುತ್ತಿರಲು ಮೊಮ್ಮಗಳು, “ಅಜ್ಜಾ, ಬಿದ್ದುದರ ಫಲವಿರಲಿ, ದಿನವೂ ಬೀಳದೆ ಇರುವುದು ಹೇಗೆ?” ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಮೂವತ್ತು ವರುಷ ಒಂದೇ ಉತ್ತರವನ್ನು ಹೇಳಿದವನು. ಸಂಸ್ಕೃತದ ಮಾಸ್ತರನಾದರೂ, ಜನರಿಲ್ಲದಾಗ ವಿಜ್ಞಾನದ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು. ಹಲ್ಲಿಯ ಅಂಗಾಲು ಬಟ್ಟಲಿನಂತೆ ಗಾಳಿಯನ್ನು ಹೀರಿ ಗೋಡೆಯನ್ನು ಹಿಡಿಯುವುದೆಂದು ಕರಿಹಲಗೆಯ ಮೇಲೆ ಚಿತ್ರವನ್ನೇ ಬರೆಯುತ್ತಿದ್ದೆನು. ಅದು ಶುದ್ಧ ತಪ್ಪು. ಜರ್ಮನಿಯ ಡೆಲ್ಲಿಟ್ ಎಂಬ ಪಂಡಿತನು ನಿರ್ವಾತದಲ್ಲಿ ಪರೀಕ್ಷಿಸಿ, ಈ ಹಿಡಿತಕ್ಕೆ ಗಾಳಿಯ ಒತ್ತಡವು ಕಾರಣವಲ್ಲವೆಂದು 1934ರಲ್ಲಿಯೇ, ಎಂದರೆ ನಾನು ಹುಟ್ಟುವುದಕ್ಕೆ ಮೂರು ದಶಕ ಮೊದಲೇ, ತೋರಿಸಿದ್ದನು.

ಅಮರಕೋಶವು ಹಲ್ಲಿಯನ್ನು ಗೃಹಗೋಧಿಕೆ, ಮನೆಯ ಕಿರಿಯುಡ, ಎನ್ನುವುದಷ್ಟೆ. ಆದರೆ ಉಡದ ಪಟ್ಟು ಉಗುರಿನದು, ಹಲ್ಲಿಯದು ರೋಮದ್ದು. ಟೋಕೇ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿದ್ದು, ಪ್ರತಿಯೊಂದರ ತುದಿಯೂ ನೂರಾರು ಕವಲುಗಳಾಗಿ ಒಡೆದಿರುವುದು. ಅವು ಕಲ್ಲಿಗೆ ಅತ್ಯಂತ ಸಮೀಪಕ್ಕೆ ಬಂದಾಗ ಅಣುವಿಗೂ ಅಣುವಿಗೂ ನಡುವೆ ಅಲ್ಪವಾದೊಂದು ಆಕರ್ಷಣೆ ಹುಟ್ಟುವುದು. ವಾನ್ ಡರ್ ವಾಲ್ಸ್ ಬಲವೆಂದು ಅದರ ಹೆಸರು. ಅಮೇರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಒಂದೇ ರೋಮದ ಹಿಡಿತವನ್ನು ಅಳೆದು, 2002ರಲ್ಲಿ ಈ ಕಾರಣವನ್ನು ಸ್ಥಾಪಿಸಿದರು. ನನಗೆ ಹಿಡಿತಕ್ಕಿಂತ ಬಿಡುವುದೇ ಹೆಚ್ಚಿನ ಸೋಜಿಗ: ರೋಮವು ಗೋಡೆಯೊಡನೆ ಸುಮಾರು 30 ಅಂಶದ ಕೋನಕ್ಕೆ ಎದ್ದೊಡನೆ ತಾನಾಗಿಯೇ ಕಳಚುವುದು. ಅಂಟೂ ಇಲ್ಲ, ಕಲೆಯೂ ಇಲ್ಲ.

ಇಂಥ ಹಿಡಿತವು ಅಂತರಿಕ್ಷದಲ್ಲಿ ಬೇಕಾಗಿರುವುದು. ನಮ್ಮ ಬೆಂಗಳೂರಿನ ಇಸ್ರೋದವರು 2025ರ ಜನವರಿ 16ರಂದು ತಲಾ 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು ಮೇಲೆಯೇ ಜೋಡಿಸಿ, ಮಾರ್ಚಿನಲ್ಲಿ ಬಿಡಿಸಿದರು. ಅವು ಒಂದನ್ನೊಂದು ಹಿಡಿಯುವುದಕ್ಕೆಂದೇ ಸಾಧನವನ್ನು ಹೊತ್ತು ಹೋದಂಥವು. ಕೆಟ್ಟು ಸುತ್ತುತ್ತಿರುವ ಹಳೆಯ ಉಪಗ್ರಹಕ್ಕೆ ಅಂಥ ಸಾಧನವೆಲ್ಲಿ? ಮುಟ್ಟಿದರೆ ಅದು ದೂರ ಸರಿಯುವುದು. ಅಯಸ್ಕಾಂತಕ್ಕೆ ಗಾಜೂ ಅಲ್ಯೂಮಿನಿಯಮೂ ಒಲಿಯವು. ಅಂಟು ಕಡುಶೀತಕ್ಕೆ ನಿಲ್ಲದು. ಗಾಳಿಯಿಲ್ಲದೆಡೆ ನನ್ನ ಹೀರುವ ಬಟ್ಟಲಂತೂ ಶೂನ್ಯ! ಸ್ಟ್ಯಾನ್‌ಫರ್ಡಿನ ಮಾರ್ಕ್ ಕಟ್ಕೋಸ್ಕಿಯವರ ಬಳಗವು ಹಲ್ಲಿಯ ರೋಮವನ್ನನುಸರಿಸಿ ರಬ್ಬರಿನಲ್ಲಿ ಸೂಕ್ಷ್ಮವಾದ ಎಣೆಗಳನ್ನು ಎರಕ ಹೊಯ್ದು, ಬದಿಗೆ ಎಳೆದರೆ ಹಿಡಿಯುವ, ಸಡಿಲಿಸಿದರೆ ಬಿಡುವ ಕೈಯನ್ನು ರಚಿಸಿತು. 2021ರಲ್ಲಿ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದೊಳಗೆ ತೇಲುವ ಯಂತ್ರವೊಂದಕ್ಕೆ ಆ ಕೈಯನ್ನು ತೊಡಿಸಿ ನೋಡಿದರು.

ಹಾಗಾದರೆ ನಮ್ಮ ಹಲ್ಲಿ ಬಿದ್ದುದೇಕೆ? ಒದ್ದೆಯಾದ ಗಾಜಿನ ಮೇಲೆ ಹಲ್ಲಿಯ ಹಿಡಿತವು ಬಹಳ ತಗ್ಗುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮೇಲೆ ನೋಡಿದೆನು, ಮಳೆಗೆ ಮಾಳಿಗೆ ಸೋರಿ ನುಣುಪಾದ ಶಹಾಬಾದ್ ಕಲ್ಲು ತೊಯ್ದಿತ್ತು. ಪಂಚಾಂಗವನ್ನು ಮುಚ್ಚಿ ಮಾಳಿಗೆಗೆ ಮಣ್ಣು ಹಾಕಿಸುವ ಆಳನ್ನು ಕರೆಸಿದೆನು. ಸೊಸೆ ಮರುದಿನ ಹೊರಟಳು.

ನನ್ನ ಶಿಷ್ಯನೊಬ್ಬನು ಈಗ ಪಕ್ಕದ ಊರಿನಲ್ಲಿ ವಿಜ್ಞಾನ ಕಲಿಸುತ್ತಿರುವನು. ಆ ಬಟ್ಟಲಿನ ಚಿತ್ರವನ್ನು ಅವನೂ ಬರೆಯುತ್ತಿರುವನೋ ಏನೋ ಎಂದು ಕಾಗದ ಬರೆದಿರುವೆನು. ಉತ್ತರವಿನ್ನೂ ಬಂದಿಲ್ಲ.