ಗುಡಿ ಮುಂದಿನ ಕಲ್ಲು ಓದೋರ್ಯಾರು?

ಕಾಲೇಜ್ ಟ್ರಿಪ್ ಅಂದ್ರ ಮತ್ತ ಹಂಪಿನೇ! ನಮ್ಮ ಬೇವೂರಿಗೆ ಇಟಗಿ ಅದಕ್ಕಿಂತ ಎಷ್ಟೋ ಹತ್ರ ಐತಿ. ಊರು ಸಣ್ಣದು. ಆದ್ರ ಅಲ್ಲಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ರಾಜ ಅಲ್ರೀ, ರಾಜನ ಕೈಕೆಳಗಿನ ಅಧಿಕಾರಿ. ಅಪ್ಪನ ಹೆಸರಿಗೆ ಮೂರ್ತಿನಾರಾಯಣ, ಅವ್ವನ ಹೆಸರಿಗೆ ಚಂದ್ರಲೇಶ್ವರಿ ಗುಡೀನೂ ಕಟ್ಟಿಸಿದ. ಶಾಸನ ಮಹಾದೇವ ಗುಡಿಯನ್ನ 'ದೇವಾಲಯ ಚಕ್ರವರ್ತಿ' ಅಂತೈತಿ.

ರೀಲ್ಸ್‌ನಾಗ ಬರೇ ಕಂಬದ ಹೊಳಪು; ಶಾಸನದ ಕಲ್ಲು ಯಾರೂ ತೋರಸಂಗಿಲ್ಲ. ಬಿಕಾಂ ಮಂದಿ ಕೇಳ್ರಿ, ಗುಡಿ ಶಾಸನ ಅಂದ್ರ ಹೆಚ್ಚಾಗಿ ದಾನದ ಲೆಕ್ಕ: ಯಾರು ಕೊಟ್ರು, ಏನು ಕೊಟ್ರು, ಯಾವ ಖರ್ಚಿಗೆ. ನಮ್ಮ ಲೆಡ್ಜರೇ! ಕನ್ನಡದಾಗೇ ಐತಿ, ನಮಗ ಓದಾಕ ಬರಂಗಿಲ್ಲ. ಈ ಸಲ ಟ್ರಿಪ್ ರೊಕ್ಕದಾಗ ಇಟಗಿಗೆ ಹೋಗೂಣು, ಹಳಗನ್ನಡ ಲಿಪಿ ಬಲ್ಲ ಒಬ್ಬ ಮೇಷ್ಟ್ರನ್ನೂ ಕರಕೊಂಡು.